ಹಳಿಯ ಬಳಿ ಒಂದು ಮಾತು
ವೇಗವಾಗಿ ಓಡುವ ರೈಲು ತುರ್ತು ಬ್ರೇಕ್ ಹಾಕಿದರೂ ನೂರಾರು ಮೀಟರ್ ದಾಟಿಯೇ ನಿಲ್ಲುತ್ತದೆ. ಹಳಿಯ ಮೇಲೆ ಯಾರನ್ನೋ ಕಂಡ ಲೋಕೋ ಪೈಲಟ್‌ಗೆ ಹಾರ್ನ್ ಒತ್ತಿ ಬ್ರೇಕ್ ಹಿಡಿಯುವುದು ಬಿಟ್ಟರೆ ದಾರಿಯಿಲ್ಲ. ತಪ್ಪು ತನ್ನದಲ್ಲವೆಂದು ಗೊತ್ತಿದ್ದರೂ ಆ ಕ್ಷಣ ಮತ್ತೆ ಮತ್ತೆ ಕಣ್ಣಿಗೆ ಕಟ್ಟಬಹುದು, ನಿದ್ದೆ ಹತ್ತದಿರಬಹುದು, ಅದೇ ಮಾರ್ಗದಲ್ಲಿ ಹೋಗಲು ಕೈ ನಡುಗಬಹುದು. ಇಂಥವರಿಗೆ ರಜೆ, ಆಪ್ತಸಮಾಲೋಚನೆ ಸಿಗಲೇಬೇಕು.

ಹಳಿಯ ಮೇಲಿನ ಆತ್ಮಹತ್ಯೆಗಳನ್ನು ಮೊದಲೇ ತಡೆಯಲೂಬಹುದು. ಬ್ರಿಟನ್ನಿನಲ್ಲಿ, ಸಂಕಟದಲ್ಲಿರುವವರ ಮಾತಿಗೆ ಕಿವಿಗೊಡುವ ಸಮಾರಿಟನ್ಸ್ ಸಂಸ್ಥೆ 2010ರಲ್ಲಿ ರೈಲ್ವೆಯೊಂದಿಗೆ ಸೇರಿ ಸಿಬ್ಬಂದಿಗೆ ತರಬೇತಿ ಕೊಡಲು ಆರಂಭಿಸಿತು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೇ ಕಳವಳದಿಂದ ನಿಂತವರ ಹತ್ತಿರ ಹೋಗಿ 'ಚೆನ್ನಾಗಿದ್ದೀರಾ?' ಎಂದು ಮಾತಾಡಿಸುವುದೇ ಅದರ ತಿರುಳು. 2017ರಲ್ಲಿ ಈ ಪಾಠ ಪ್ರಯಾಣಿಕರಿಗೂ ತಲುಪಿತು. ಸಾಯುವ ಯೋಚನೆಯ ತೀವ್ರತೆ ಹೆಚ್ಚಾಗಿ ಕೆಲಹೊತ್ತಿನದು. ನಡುವೆ ಬಂದ ಮಾತು ಅದನ್ನು ಮುರಿಯಬಲ್ಲದು. ಬೇಲಿಗಳೂ ಪ್ಲಾಟ್‌ಫಾರ್ಮ್ ಬಾಗಿಲುಗಳೂ ಇಂಥದೇ ಬಿಡುವು ದೊರಕಿಸುತ್ತವೆ. ಭಾರತದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.