ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಒಂದು ಜೆಟ್ ಬಾಡಿಗೆಗೆ ಹಿಡಿದರೆ ಎಷ್ಟಾಗುತ್ತದೆ?

ಹೋದ ತಿಂಗಳು ನಮ್ಮ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ತಮಾಷೆಗೆ ಕೇಳಿದರು: "ಹನ್ನೆರಡು ಜನ ಸೇರಿ ಒಂದು ಪ್ರೈವೇಟ್ ಜೆಟ್ ಮಾಡಿಕೊಂಡು ಊರಿಗೆ ಹೋದರೆ ತಲೆಗೆ ಎಷ್ಟು ಬೀಳಬಹುದು?" ಎಲ್ಲರೂ ನಕ್ಕು ಸುಮ್ಮನಾದರು. ನನಗೆ ಲೆಕ್ಕ ಹಾಕದೆ ನಿದ್ದೆ ಬರಲಿಲ್ಲ.

ಚಾರ್ಟರ್ ದರ ಅರ್ಥವಾಗಬೇಕಾದರೆ ಮೈಸೂರಿನಿಂದ ಬೆಂಗಳೂರು ಏರ್‌ಪೋರ್ಟಿಗೆ ಟ್ಯಾಕ್ಸಿ ಹಿಡಿದದ್ದನ್ನು ನೆನಪಿಸಿಕೊಳ್ಳಿ. "ಬರೋವಾಗ ಖಾಲಿ ಬರಬೇಕು ಸಾರ್" ಎಂದು ಡ್ರೈವರ್ ಎರಡೂ ಕಡೆಯ ಕಿಲೋಮೀಟರ್ ಹಾಕುತ್ತಾನಲ್ಲ, ಇಲ್ಲಿಯೂ ಅದೇ. ವಿಮಾನ ನೀವಿರುವ ಕಡೆಗೆ ಖಾಲಿ ಬರುವುದು, ನಿಮ್ಮನ್ನು ಇಳಿಸಿ ಖಾಲಿ ಹೋಗುವುದು, ಎಲ್ಲವೂ ನಿಮ್ಮ ಬಿಲ್ಲಿಗೆ. ಡ್ರೈವರ್ ಬಾಟಾ ಇದ್ದಂತೆ ಪೈಲಟ್‌ಗಳ ಹೋಟೆಲ್ ಖರ್ಚು, ಟೋಲ್ ಇದ್ದಂತೆ ಲ್ಯಾಂಡಿಂಗ್ ಮತ್ತು ಹ್ಯಾಂಡ್ಲಿಂಗ್ ಶುಲ್ಕ.

ಮೊದಲು ಚಿಕ್ಕ ಉದಾಹರಣೆ. ಫ್ರಾಂಕ್‌ಫರ್ಟ್ ಪಕ್ಕದ ಎಗೆಲ್ಸ್‌ಬಾಖ್‌ನಿಂದ ಉತ್ತರದ ಸಿಲ್ಟ್ ದ್ವೀಪಕ್ಕೆ ಆರು ಸೀಟಿನ ಚಿಕ್ಕ ಜೆಟ್. ಗಂಟೆಗೆ 2,800 ಯೂರೋ ಹಿಡಿಯೋಣ. ಹೋಗಲು ಒಂದೂಕಾಲು ಗಂಟೆ, ಖಾಲಿ ವಾಪಸ್ ಒಂದೂಕಾಲು ಗಂಟೆ, 7,000 ಯೂರೋ. ದೇಶದೊಳಗಿನ ಹಾರಾಟವಾದ್ದರಿಂದ ಮೇಲೆ 19% ವ್ಯಾಟ್, ಅಂದರೆ 1,330. ಇನ್ನೂ ಲ್ಯಾಂಡಿಂಗ್ ಶುಲ್ಕ ಸೇರಿಸಿಲ್ಲ. ಅದೇ ಜೆಟ್ ಜ್ಯೂರಿಕ್‌ಗೆ ಹೋದರೆ ವ್ಯಾಟ್ ಇಲ್ಲ. ಇಂಧನದ ಕಥೆ ಇನ್ನೂ ವಿಚಿತ್ರ: ಸ್ವಂತ ವಿಮಾನದಲ್ಲಿ ಖಾಸಗಿಯಾಗಿ ಹಾರುವವರು ಜೆಟ್ ಇಂಧನಕ್ಕೆ ಲೀಟರಿಗೆ ಸುಮಾರು 65 ಸೆಂಟ್ ತೆರಿಗೆ ಕಟ್ಟಬೇಕು, ಬಾಡಿಗೆ ಜೆಟ್ "ವಾಣಿಜ್ಯ" ಹಾರಾಟವಾದ್ದರಿಂದ ಅದಕ್ಕೆ ವಿನಾಯಿತಿ. 2022ರ ಜುಲೈನಲ್ಲಿ ಆಗಿನ ಹಣಕಾಸು ಸಚಿವ ಲಿಂಡ್ನರ್ ಅವರ ಮದುವೆಗೆ ಮೆರ್ತ್ಸ್ ತಮ್ಮ ಪುಟ್ಟ ವಿಮಾನವನ್ನು ತಾವೇ ಓಡಿಸಿಕೊಂಡು ಸಿಲ್ಟ್‌ಗೆ ಹೋಗಿ ಟೀಕೆಗೆ ಗುರಿಯಾದದ್ದು ನೆನಪಿರಬಹುದು.

ಈಗ ಬೆಂಗಳೂರು. ದೂರ ಸುಮಾರು 7,400 ಕಿ.ಮೀ. ಚಿಕ್ಕ ಜೆಟ್‌ಗಳಿಗೆ ಇದು ಒಂದೇ ಉಸಿರಿನ ದಾರಿಯಲ್ಲ. ಸೆಸ್ನಾ ಸಿಜೆ3 ಹಾರುವುದೇ ಹೆಚ್ಚೆಂದರೆ 3,800 ಕಿ.ಮೀ. ಆಸುಪಾಸು. ಫಾಲ್ಕನ್ 7ಎಕ್ಸ್‌ನಂಥ ದೊಡ್ಡದು ಬೇಕು. ಗಂಟೆಗೆ 9,000 ಯೂರೋ, ಒಂಬತ್ತು ಗಂಟೆ: 81,000. ಖಾಲಿ ವಾಪಸ್ ಇನ್ನೊಂದು 81,000. ಭಾರತದ ಡಿಜಿಸಿಎ ಅನುಮತಿ, ದಾರಿಯ ದೇಶಗಳ ಶುಲ್ಕ ಬೇರೆ. ಹನ್ನೆರಡು ಜನ ಹಂಚಿಕೊಂಡರೂ ತಲೆಗೆ 13,500 ಯೂರೋ, ಅದೂ ಹೋಗುವುದಕ್ಕೆ ಮಾತ್ರ. ಹಿಂತಿರುಗುವ ಖಾಲಿ ವಿಮಾನದ ಸೀಟು, ಅಂದರೆ "ಎಂಪ್ಟಿ ಲೆಗ್", ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ದಿನ, ಸಮಯ, ಊರು ಮೂರೂ ಬೇರೆಯವರ ಇಷ್ಟದ್ದು. ಅವರು ರದ್ದು ಮಾಡಿದರೆ ನಿಮ್ಮದೂ ರದ್ದು.

ಇಷ್ಟು ಬರೆದು ಗುಂಪಿಗೆ ಹಾಕಿದೆ. ಮ್ಯೂನಿಕ್‌ನ ಸ್ನೇಹಿತರೊಬ್ಬರು ನಗಲಿಲ್ಲ, ಫೋನ್ ಮಾಡಿದರು. ಅವರು ನಿಜವಾಗಿಯೂ ಒಂದು ಜೆಟ್‌ಗೆ ದರ ಕೇಳಿದ್ದರಂತೆ.

ಮೊಮ್ಮಗುವನ್ನು ನೋಡಲು ಬಂದ ಅವರ ತಂದೆಗೆ ಇಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ನಿಂತು, ಬಲಗೈ ಬಿದ್ದುಹೋಗಿತ್ತು. ಅಮ್ಮನದು ಒಂದೇ ಹಠ, "ಊರಿಗೆ ಕರ್ಕೊಂಡು ಹೋಗೋಣ." ಕೈಯಲ್ಲಿದ್ದದ್ದು ಷೆಂಗೆನ್ ವೀಸಾಗೆ ಕಡ್ಡಾಯವಾದ ಕನಿಷ್ಠ 30,000 ಯೂರೋಗಳ ಪಾಲಿಸಿ. ಊರಿಗೆ ಸಾಗಿಸುವ ಖರ್ಚೂ ಅದರಲ್ಲಿತ್ತು, ಆದರೆ ಆಸ್ಪತ್ರೆ ಬಿಲ್ಲೂ ಅದೇ ಮೂವತ್ತು ಸಾವಿರದೊಳಗೆ. ಹತ್ತೇ ದಿನದಲ್ಲಿ ಬಹುಪಾಲು ಕರಗಿತು. ಏರ್ ಆಂಬ್ಯುಲೆನ್ಸ್ ಅಂದರೂ ಅದು ಚಾರ್ಟರ್ ಜೆಟ್ಟೇ, ಮೇಲೆ ವೈದ್ಯರು, ವೆಂಟಿಲೇಟರ್. ಬಂದ ಅಂದಾಜು ಒಂದು ಲಕ್ಷ ಯೂರೋ ದಾಟಿತ್ತು. ಸೈಟ್ ಮಾರುವ ಮಾತೂ ಬಂದಿತ್ತಂತೆ.

ಕೊನೆಗೆ ವೈದ್ಯರೇ ಬೇರೆ ದಾರಿ ತೋರಿಸಿದರು. ಮೂರು ವಾರ ಕಾದು, ಸ್ಥಿತಿ ಸ್ಥಿರವಾದ ಮೇಲೆ, ಸಾಮಾನ್ಯ ವಿಮಾನದಲ್ಲೇ ಹಲವು ಸೀಟುಗಳ ಜಾಗಕ್ಕೆ ಸ್ಟ್ರೆಚರ್ ಹಾಕಿಸಿ, ಜೊತೆಗೊಬ್ಬ ವೈದ್ಯರನ್ನು ಕಳಿಸುವುದು. ಅದಕ್ಕೆ ಆಸ್ಪತ್ರೆಯವರು ಮೆಡಿಫ್ ಎಂಬ ಅರ್ಜಿ ತುಂಬಿಕೊಡಬೇಕು, ವಿಮಾನ ಸಂಸ್ಥೆಯ ವೈದ್ಯರು ಒಪ್ಪಬೇಕು. ಖರ್ಚು ಜೆಟ್‌ನ ಐದನೇ ಒಂದು ಭಾಗವೂ ಆಗಲಿಲ್ಲ.

ಹಾಗಾಗಿ ಅಪ್ಪ ಅಮ್ಮನನ್ನು ಕರೆಸುವಾಗ ಅತಿ ಅಗ್ಗದ ಪಾಲಿಸಿ ಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮೊತ್ತ ದೊಡ್ಡದಿರಲಿ, ಊರಿಗೆ ಸಾಗಿಸುವ ಖರ್ಚಿಗೆ ಬೇರೆ ಮಿತಿ ಇದೆಯೇ ನೋಡಿ, ಮೊದಲೇ ಇದ್ದ ಬಿಪಿ, ಶುಗರ್ ಬಗ್ಗೆ ಏನು ಬರೆದಿದ್ದಾರೆ ಓದಿ.

ನಮ್ಮ ಕಥೆಯೂ ಅಷ್ಟೇ. ರಜೆಗೆ ಶಿವಮೊಗ್ಗಕ್ಕೆ ಹೋಗಿ ನೀವೇ ಬಿದ್ದು ಸೊಂಟ ಮುರಿದುಕೊಂಡರೆ, ಜರ್ಮನಿಗೆ ವಾಪಸ್ ಕರೆತರುವ ಖರ್ಚನ್ನು ಇಲ್ಲಿನ ಸರ್ಕಾರಿ ಕ್ರಾಂಕನ್‌ಕಾಸ್ಸೆ ಕೊಡುವುದಿಲ್ಲ, ಕಾನೂನಿನಲ್ಲೇ ಹಾಗಿದೆ. ಅದಕ್ಕೆ ವರ್ಷಕ್ಕೆ ಹತ್ತಿಪ್ಪತ್ತು ಯೂರೋಗೆ ಸಿಗುವ ಪ್ರತ್ಯೇಕ ವಿದೇಶ ಪ್ರವಾಸ ಆರೋಗ್ಯ ವಿಮೆ ಬೇಕು. ಕರಾರಿನಲ್ಲಿ ಒಂದು ಪದ ಹುಡುಕಿ. "ಮೆಡಿಟ್ಸಿನಿಶ್ ಜಿನ್‌ಫೋಲ್" ಎಂದಿದ್ದರೆ, ವೈದ್ಯಕೀಯವಾಗಿ ಸೂಕ್ತ ಎನಿಸಿದರೂ ಸಾಕು, ಕರೆತರುತ್ತಾರೆ. "ನೋಟ್‌ವೆಂಡಿಗ್" ಎಂದಿದ್ದರೆ ಅನಿವಾರ್ಯವಾಗಿರಬೇಕು. ಬೆಂಗಳೂರಿನಲ್ಲಿ ಅಷ್ಟೊಂದು ಒಳ್ಳೆಯ ಆಸ್ಪತ್ರೆಗಳಿರುವಾಗ ಅದನ್ನು ಸಾಬೀತು ಮಾಡುವುದು ಕಷ್ಟ.

ಇದನ್ನು ಬರೆಯುತ್ತಾ ನನ್ನದೇ ಪಾಲಿಸಿ ತೆಗೆದು ನೋಡಿದೆ. ಪದ ಸರಿಯಾಗಿಯೇ ಇದೆ, ಆದರೆ ಒಂದು ಪ್ರವಾಸಕ್ಕೆ 42 ದಿನ ಮಾತ್ರ. ಡಿಸೆಂಬರ್‌ನಲ್ಲಿ ನಾವು ಊರಿಗೆ ಹೊರಟಿರುವುದು ಏಳು ವಾರಕ್ಕೆ. ಉಳಿದ ಒಂದು ವಾರಕ್ಕೆ ವಿಸ್ತರಣೆ ಕೇಳಿ ಇವತ್ತು ಬೆಳಿಗ್ಗೆ ಮೇಲ್ ಹಾಕಿದ್ದೇನೆ.