ಹದದ ಹೊತ್ತಿನಲ್ಲಿ ಬಂದ್ ಬೀಳುವ ಟ್ರ್ಯಾಕ್ಟರ್

ಸಿಂದಗಿ, ಇಂಡಿ ಕಡೆಯ ಎರಿ ಹೊಲಗಳಲ್ಲಿ ಮಳೆ ಬಿದ್ದ ಕೂಡಲೇ ಟ್ರ್ಯಾಕ್ಟರ್ ಇಳಿಸಲು ಬರುವುದಿಲ್ಲ. ಹಸಿ ಇದ್ದಾಗ ಇಳಿಸಿದರೆ ಗಾಲಿ ಹೂತುಕೊಳ್ಳುತ್ತದೆ, ತಡ ಮಾಡಿದರೆ ಮೇಲ್ಮಣ್ಣು ಒಣಗಿ ಬಿರುಕು ಬಿಡುತ್ತದೆ. ನಡುವೆ ಸಿಗುವ ಹದ ನಾಲ್ಕಾರು ದಿನದ್ದು. ತೊಗರಿ ಬಿತ್ತಬೇಕಾದ ಅದೇ ದಿನಗಳಲ್ಲಿ ಗಾಡಿ ಅರ್ಧ ಎಕರೆ ಓಡಿ ಬಂದ್ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು ಚಾವಿ ತಿರುವಿದರೆ ಚಾಲೂ ಆಗುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂದ್. ‘ಪಂಪ್ ಹೋಗೈತಿ, ಬಿಚ್ಚಿಸ್ರಿ’ ಎನ್ನುವವರು ಪ್ರತಿ ಹೊಲದ ಬದುವಿನಲ್ಲೂ ಸಿಗುತ್ತಾರೆ. ಪಂಪ್ ಬಿಚ್ಚಿದರೆ ಸಾವಿರಾರು ರೂಪಾಯಿ ಖರ್ಚು, ಅದಕ್ಕಿಂತ ದೊಡ್ಡ ನಷ್ಟವೆಂದರೆ ಹದವೇ ಕೈತಪ್ಪಿ ಹೋಗುವುದು.

ಆದರೆ ಬಂದ್ ಬಿದ್ದು ಮತ್ತೆ ಸರಾಗವಾಗಿ ಚಾಲೂ ಆಗುವ ಎಂಜಿನ್‌ನಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಂಪನ್ನಲ್ಲ, ಡೀಸೆಲ್ ಬರುವ ದಾರಿಯನ್ನು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನ್ನಿನ ತತ್ವವೇ ಇಂದಿಗೂ ನಡೆದಿದೆ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಇವತ್ತಿನ ಟ್ರ್ಯಾಕ್ಟರಿನ ಸಿಲಿಂಡರ್ ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತುತ್ತದೆ, ಆ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಅದರೊಳಗೆ ನಾಝಲ್ ಸಣ್ಣ ಹನಿಗಳಾಗಿ ಸಿಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗಾಳಿ ಮತ್ತು ಡೀಸೆಲ್, ಇವೆರಡು ಸರಿಯಾಗಿ ತಲುಪಿದರೆ ಎಂಜಿನ್ ಓಡುತ್ತದೆ. ಯಾವುದೇ ಒಂದು ತಡೆದರೂ ನಿಲ್ಲುತ್ತದೆ.

ನೋಡಲು ಪೈಸೆಯೂ ಬೇಡದ ಜಾಗದಿಂದಲೇ ಶುರು ಮಾಡೋಣ: ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಒಳಬರಲು ಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಎರಿಮಣ್ಣಿನ ಧೂಳು ಡೀಸೆಲ್ ಜಿಡ್ಡಿಗೆ ಅಂಟಿ ಆ ತೂತು ಮುಚ್ಚಿಹೋಗುತ್ತದೆ. ಮುಚ್ಚಳ ಕಳೆದುಹೋಗಿ ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೂ ಆಗುವುದು ಅದೇ. 50 ಲೀಟರಿನ ಟ್ಯಾಂಕ್ ಅರ್ಧ ತುಂಬಿದೆ ಎಂದುಕೊಳ್ಳಿ. ಒಳಗೆ 25 ಲೀಟರ್ ಗಾಳಿ ಇದೆ. 5 ಲೀಟರ್ ಡೀಸೆಲ್ ಖರ್ಚಾದಾಗ ಅಷ್ಟೇ ಗಾಳಿ 30 ಲೀಟರ್ ಜಾಗಕ್ಕೆ ಹರಡಿಕೊಳ್ಳಬೇಕು. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮದಂತೆ ಒತ್ತಡ ಆರನೇ ಒಂದು ಭಾಗ ಇಳಿಯುತ್ತದೆ. ಡೀಸೆಲನ್ನು ಎರಡು ಮೀಟರ್ ಎತ್ತರಕ್ಕೆ ಎಳೆಯಲು ಎಷ್ಟು ಬಲ ಬೇಕೋ ಅಷ್ಟು ಬಲದಿಂದ ಟ್ಯಾಂಕ್ ತನ್ನ ಡೀಸೆಲನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಸೋಲುತ್ತದೆ, ಎಂಜಿನ್ ಬಿಕ್ಕುತ್ತಾ ನಿಲ್ಲುತ್ತದೆ. ಹತ್ತು ನಿಮಿಷದಲ್ಲಿ ಸಂದುಗೊಂದಿನಿಂದ ಒಂದಿಷ್ಟು ಗಾಳಿ ನುಸುಳಿ ಬಂದಮೇಲೆ ಮತ್ತೆ ಚಾಲೂ ಆಗುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಟ್ಯಾಂಕ್ ತುಂಬಿದಷ್ಟೂ ಗಾಡಿ ಬೇಗ ಬಂದ್ ಬೀಳುತ್ತದೆ. ಒಳಗೆ 5 ಲೀಟರ್ ಮಾತ್ರ ಗಾಳಿ ಇದ್ದರೆ, ಒಂದೇ ಲೀಟರ್ ಡೀಸೆಲ್ ಹೋಗುವಷ್ಟರಲ್ಲಿ ಒತ್ತಡ ಅಷ್ಟೇ ಇಳಿದಿರುತ್ತದೆ. ಹಾಗಾಗಿ ಬಂಕಿನಲ್ಲಿ ಡೀಸೆಲ್ ತುಂಬಿಸಿದ ಮೇಲೆಯೇ ತೊಂದರೆ ಹೆಚ್ಚಾಯಿತು ಎಂದು ರೈತರು ಡೀಸೆಲನ್ನೇ ದೂರುವುದುಂಟು. ಗಾಡಿ ನಿಂತ ಕೂಡಲೇ ಮುಚ್ಚಳ ಸಡಿಲಿಸಿ ಕಿವಿಗೊಡಿ. ಸುಂಯ್ ಎಂದು ಗಾಳಿ ಒಳಗೆ ಹೋದ ಸದ್ದು ಕೇಳಿದರೆ ಕಳ್ಳ ಸಿಕ್ಕ. ತೆಳು ತಂತಿಯಿಂದ ತೂತು ಬಿಡಿಸಿದರೆ ಸಾಕು.

ಮುಚ್ಚಳ ಸರಿ ಇದ್ದರೆ ಮುಂದಿನ ಅನುಮಾನ ‘ಏರ್ ಹಿಡಿದದ್ದು’, ಅಂದರೆ ಡೀಸೆಲ್ ದಾರಿಯೊಳಗೆ ಗಾಳಿ ಸೇರಿದ್ದು. ದನದ ಡಾಕ್ಟರ ಹತ್ತಿರವಿರುವಂಥ ಸಿರಿಂಜಿನಲ್ಲಿ ನೀರು ತುಂಬಿ ತುದಿಗೆ ಬೆರಳಿಟ್ಟು ಒತ್ತಿ ನೋಡಿ, ಹಿಡಿಕೆ ಕದಲುವುದಿಲ್ಲ. ಗಾಳಿ ತುಂಬಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ನಾಝಲ್ ತೆರೆಯಲು ಸುಮಾರು 200 ವಾಯುಭಾರದಷ್ಟು ಒತ್ತಡ ಬೇಕು. ನಾಝಲ್‌ಗೆ ಡೀಸೆಲ್ ಒತ್ತುವ ಪಂಪಿನೊಳಗೆ ಗುಳ್ಳೆ ಸೇರಿದರೆ ಪಂಪಿನ ಒತ್ತೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ, ನಾಝಲ್ ತೆರೆಯುವುದೇ ಇಲ್ಲ. ಡೀಸೆಲ್ ಖಾಲಿ ಮಾಡಿ ಓಡಿಸಿದ ಗಾಡಿ ತುಂಬಿಸಿದರೂ ಚಾಲೂ ಆಗದಿರುವುದಕ್ಕೆ ಇದೇ ಕಾರಣ. ಡೀಸೆಲ್ ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದರೆ ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಧಾರೆ ಕಟ್ಟಿದ ಮೇಲೆ, ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಮರುದಿನ ಮತ್ತೆ ಏರ್ ಹಿಡಿದರೆ ಅದು ಎಲ್ಲಿಂದಲೋ ಒಳಬರುತ್ತಿದೆ ಎಂದರ್ಥ. ಬಿರುಕು ಬಿಟ್ಟ ರಬ್ಬರ್ ಪೈಪ್, ಸಡಿಲ ಕ್ಲಿಪ್, ಹಳೆಯ ತಾಮ್ರದ ವಾಷರ್ ನೋಡಿ. ಎಳೆಯುವ ಪೈಪಿನಲ್ಲಿ ಸಂದು ಇದ್ದರೂ ಹೊರಗೆ ಡೀಸೆಲ್ ಸೋರದೇ ಇರಬಹುದು, ಒಣಗಿ ಕಂಡಿತೆಂದು ನಂಬಬೇಡಿ.

ಮಳೆಗಾಲದಲ್ಲಿ ನೀರಿನ ಕಾಟವೂ ಇದೆ. ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯ ತೇವ ರಾತ್ರಿ ತಂಪಿಗೆ ಹನಿಗಟ್ಟಿ ಇಳಿಯುತ್ತದೆ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ, ನೀರು ಒಂದು ಕಿಲೋ, ಹಾಗಾಗಿ ನೀರು ತಳ ಸೇರುತ್ತದೆ. ಎರಡೂ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರನ್ನು ಕಟ್ಟಿಹಾಕುತ್ತವೆ. ಫಿಲ್ಟರ್ ಬೌಲಿನಿಂದ ಒಂದಿಷ್ಟು ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ಬೇರೆ ಕಾಣುತ್ತದೆ. ಸಂಜೆಯೇ ಟ್ಯಾಂಕ್ ತುಂಬಿಸಿ ಗಾಡಿ ನಿಲ್ಲಿಸುವ ರೂಢಿ ಒಳ್ಳೆಯದು.

ಕಪ್ಪು ಹೊಗೆ ಕಾರಿ, ಶಕ್ತಿ ಕುಂದಿ ನಿಂತರೆ ಏರ್ ಫಿಲ್ಟರ್ ನೋಡಿ. ಒಂದು ಲೀಟರ್ ಡೀಸೆಲ್ ಉರಿಯಲು ಕಡಿಮೆಯೆಂದರೂ 10,000 ಲೀಟರ್ ಗಾಳಿ ಬೇಕು, ಅದಷ್ಟೂ ಧೂಳಿನ ನಡುವಿನಿಂದಲೇ ಬರಬೇಕು. ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ, ಡೀಸೆಲ್ ತಡೆಯುವ ಸೊಲೆನಾಯ್ಡ್ ಇರುವ ಗಾಡಿಗಳಲ್ಲಿ ಅದರ ವೈರ್ ಸಡಿಲಾಗಿದೆಯೇ ನೋಡಬೇಕು.

ಒಂದು ಎಚ್ಚರಿಕೆ: ಎಂಜಿನ್ ಓಡುವಾಗ ನಾಝಲ್ ಪೈಪಿನ ಸೋರಿಕೆಗೆ ಬೆರಳು ಹಿಡಿಯಬೇಡಿ. ಅಷ್ಟು ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು. ಪಂಪ್ ಮತ್ತು ನಾಝಲ್ ಕೆಲಸ ಮಿಸ್ತ್ರಿಗೇ ಬಿಡಿ. ಆದರೆ ಮಿಸ್ತ್ರಿಯ ಹತ್ತಿರ ಹೋಗುವಾಗ ನಾಲ್ಕು ಸಂಗತಿ ಹೇಳಿ: ಎಷ್ಟು ಹೊತ್ತು ಓಡಿ ನಿಂತಿತು, ಬಿಕ್ಕುತ್ತಾ ನಿಂತಿತೋ ಒಮ್ಮೆಲೇ ನಿಂತಿತೋ, ಹೊಗೆಯ ಬಣ್ಣ ಯಾವುದು, ಮುಚ್ಚಳ ಸಡಿಲಿಸಿದಾಗ ಏನಾಯಿತು. ಇಷ್ಟು ಕೇಳಿದ ಒಳ್ಳೆಯ ಮಿಸ್ತ್ರಿ ಪಂಪಿಗೆ ಪಾನಾ ಹಚ್ಚುವ ಮೊದಲು ಉಳಿದದ್ದನ್ನೆಲ್ಲ ನೋಡುತ್ತಾನೆ.