ಕೈನೇಸಿಗೂ ಬಾಯಿಕುಕ್ಕೆ

ಓಡಬೇಡಿರೆಂದು ಎಷ್ಟು ಸಲ ಹೇಳಿದರೂ ನೀವು ಹೊರಟ ಲೋಕಲ್ ಗಾಡಿಯ ಹಿಂದೆ ಓಡುವುದನ್ನು ಬಿಟ್ಟಿಲ್ಲ. ಆಗ ಎದೆ ಡವಗುಟ್ಟುವುದಲ್ಲವೆ? ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತವನ್ನು ಸೇರಿ, ಹೃದಯದ ಜೀವಕೋಶಗಳ ಬಾಗಿಲನ್ನು ತಟ್ಟುವುದೇ ಅದಕ್ಕೆ ಒಂದು ಕಾರಣ. ರಸವು ತಾನೇ ಒಳಗೆ ಕಾಲಿಡುವುದಿಲ್ಲ. ಅದರ ಕರೆಯನ್ನು ಒಳಗೊಯ್ಯುವುದು ಸೈಕ್ಲಿಕ್ ಎ.ಎಂ.ಪಿ. ಎಂಬ ಪುಟ್ಟ ಅಣು. ಆ ಕರೆಗೆ ಓಗೊಡುವುದು ಪ್ರೋಟೀನ್ ಕೈನೇಸ್-ಎ ಎಂಬ ಕಿಣ್ವ.

ಕೈನೇಸೆಂದರೇನು? ಎ.ಟಿ.ಪಿ. ಎಂಬ ಅಣುವಿನಿಂದ ಒಂದು ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುವ ಕಿಣ್ವ. ಅಂಟಿದೊಡನೆ ಆ ಪ್ರೋಟೀನಿನ ಆಕಾರ ಬದಲಾಗಿ, ಅದರ ಕೆಲಸ ಮೊದಲಾಗುವುದು, ಇಲ್ಲವೆ ನಿಲ್ಲುವುದು. ಫಾಸ್ಫಟೇಸುಗಳೆಂಬ ಕಿಣ್ವಗಳು ಅದನ್ನು ಮತ್ತೆ ಕಳಚುವುವು. 1950ರ ದಶಕದಲ್ಲಿ ಸ್ನಾಯುಗಳನ್ನು ಪರೀಕ್ಷಿಸುತ್ತ ಈ ಏರ್ಪಾಡನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಹದಲ್ಲಿ 500ಕ್ಕೂ ಮಿಕ್ಕಿದ ಬಗೆಯ ಕೈನೇಸುಗಳುಂಟು.

ಇಷ್ಟು ಆಳುಗಳು ಕಂಡಕಂಡಲ್ಲಿ ಫಾಸ್ಫೇಟು ಅಂಟಿಸುತ್ತ ಹೋದರೆ ಕೋಶದ ಗತಿಯೇನು? ರಜೆಯಲ್ಲಿ ಊರಿಗೆ ಹೋದಾಗ, ಕಣದಲ್ಲಿ ತುಳಿಯುವ ಎತ್ತು ಕಾಳು ತಿನ್ನದಂತೆ ಅದರ ಬಾಯಿಗೆ ಕಟ್ಟುವ ಬಾಯಿಕುಕ್ಕೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕೈನೇಸ್-ಎ ಕಿಣ್ವಕ್ಕೂ ಅಂಥದೊಂದು ಉಂಟು. ಅದರಲ್ಲಿ ದುಡಿಯುವ ಘಟಕಗಳು ಎರಡು, ಕಾವಲಿನ ಘಟಕಗಳು ಎರಡು. ಕಾವಲಿನ ಘಟಕವು ತನ್ನದೊಂದು ತುಣುಕನ್ನು, ಬೇಟೆಯಂತೆಯೇ ತೋರುವ ತುಣುಕನ್ನು, ದುಡಿಯುವ ಘಟಕದ ಬಾಯಿಗೆ ಅಡ್ಡವಾಗಿ ತುರುಕಿರುವುದು. ಪ್ರತಿಯೊಂದು ಕಾವಲುಗಾರನಿಗೆ ಸೈಕ್ಲಿಕ್ ಎ.ಎಂ.ಪಿ.ಯ ಎರಡೆರಡು ಅಣುಗಳು ಬಂದು ಕೂಡಿದಾಗ ಹಿಡಿತ ಸಡಿಲಗೊಂಡು ಬಾಯಿ ತೆರೆಯುವುದು.

ಬಾಯಿ ತೆರೆದರೆ ಸಾಲದು. ಯಾವುದನ್ನು ಮುಟ್ಟಬೇಕೆಂಬುದೂ ತಿಳಿಯಬೇಕು. ಎರಡು ಆರ್ಜಿನೀನ್, ಅನಂತರ ಯಾವುದಾದರೊಂದು ಅಮೈನೋ ಆಮ್ಲ, ಅದರ ಮುಂದೆ ಸೀರೀನ್: ಈ ಸಾಲು ಇದಕ್ಕೆ ಬಲು ಪ್ರಿಯ. ಆದರೆ ಇಂಥ ಸಾಲು ಎಷ್ಟೋ ಪ್ರೋಟೀನುಗಳಲ್ಲಿರುವುದು. ಆದುದರಿಂದ ಕೋಶವು ಗೂಟವನ್ನೂ ನೆಟ್ಟಿದೆ. ಎ.ಕೆ.ಎ.ಪಿ. ಎಂಬ ಪ್ರೋಟೀನುಗಳು ಕಾವಲಿನ ಘಟಕವನ್ನು ಹಿಡಿದು ಕೈನೇಸನ್ನು ಒಂದೊಂದು ಎಡೆಯಲ್ಲಿ ಕಟ್ಟಿಹಾಕುವುವು. ಗೂಟದ ಹಸುವು ಹಗ್ಗದ ಅಳತೆಯಷ್ಟನ್ನೇ ಮೇಯುವುದಲ್ಲವೆ? ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಒಳಬರುವ ದ್ವಾರದ ಬಳಿ ಇಂಥ ಗೂಟವೊಂದಿದೆ. ದ್ವಾರಕ್ಕೆ ಹೊಂದಿದ ಪ್ರೋಟೀನಿಗೆ ಫಾಸ್ಫೇಟು ಅಂಟಿದರೆ ಕ್ಯಾಲ್ಸಿಯಂ ಹೆಚ್ಚಾಗಿ ನುಗ್ಗಿ ಬಡಿತವು ಬಲಗೊಳ್ಳುವುದು.

ಬಾಯಿಕುಕ್ಕೆಯೇ ಕಳಚಿಹೋದರೆ? ದೀರ್ಘಕಾಲದ ಮೈಲಾಯ್ಡ್ ಲ್ಯುಕೀಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ನಡೆಯುವುದು ಅದೇ. ಮೂಳೆಯ ಮಜ್ಜೆಯ ಕೋಶವೊಂದರಲ್ಲಿ ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಬೆಸೆದುಕೊಂಡು, ಏಬಲ್ ಎಂಬ ಇನ್ನೊಂದು ಕೈನೇಸು ನಿಲ್ಲದೆ ದುಡಿಯತೊಡಗುವುದು. ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುವುವು. ಹಿಂದೆ ಈ ರೋಗಿಗಳಲ್ಲಿ ಬಹುಮಂದಿ ಕೆಲವೇ ವರ್ಷಗಳಲ್ಲಿ ತೀರಿಕೊಳ್ಳುತ್ತಿದ್ದರು. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಮ್ಯಾಟಿನಿಬ್ ಎಂಬ ಗುಳಿಗೆಯಿಂದ ಹಲವರು ದೀರ್ಘಕಾಲ ಬದುಕುತ್ತಿದ್ದಾರೆ. ಏಬಲಿನಲ್ಲಿ ಎ.ಟಿ.ಪಿ. ಬಂದು ಕೂರಬೇಕಾದ ಗುಳಿಯಲ್ಲಿಯೇ ಈ ಔಷಧವು ಮೊದಲು ಹೋಗಿ ಕೂತುಬಿಡುವುದು.